ಬಾಣಂತಿ ನೀರಿಗೆ ಬಂದ ನೀಲಿ ಡ್ರಮ್ಮು

ಮಗಳು ಚೈತ್ರಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ತವರು ಅಂದರೆ ಅಹಮದಾಬಾದಿನ ವಟ್ವಾದಲ್ಲಿ ಒಂದು ವಸತಿ ಸೊಸೈಟಿಯ ಮೂರನೇ ಮಹಡಿಯ ಮನೆ. ಅಲ್ಲಿನ ಬಚ್ಚಲಲ್ಲಿ ಒಲೆಯಿಲ್ಲ, ಹಂಡೆಯಿಲ್ಲ. ಇರುವ ಗೀಸರಿನ ನೀರು ಒಂದು ಬಕೆಟ್ ತುಂಬುವಷ್ಟರಲ್ಲಿ ತಣ್ಣಗಾಗುತ್ತದೆ. ಉಡುಪಿ ಕಡೆಯ ತಾಯಿಗೆ ಇದಕ್ಕಿಂತ ದೊಡ್ಡ ಚಿಂತೆ ಬೇಕೆ? ಬಾಣಂತಿಯ ಸೊಂಟಕ್ಕೆ ಬಿಸಿನೀರು ಹೊಯ್ಯಬೇಕು. ಅದೂ ಒಂದೆರಡು ಚೊಂಬಲ್ಲ, ಅವಳೇ ಸಾಕು ಸಾಕು ಅನ್ನುವಷ್ಟು.

"ನೀರು ಕಾಯಿಸಿ ತುಂಬಿಡ್ಲಿಕ್ಕೆ ಎಂತಾದ್ರೂ ದೊಡ್ಡದು ತನ್ನಿ ಮಾರಾಯ್ರೆ," ಎಂದು ರುಕ್ಮಿಣಿಯಮ್ಮ ಗಂಡನ ಬೆನ್ನು ಹತ್ತಿದರು.

ಗಂಡ ಮಾಧವ ಐತಾಳರು ಕಾರ್ಖಾನೆಗಳ ರಸ್ತೆಯಲ್ಲಿ ಇಡ್ಲಿ, ದೋಸೆಯ ಹೋಟೆಲು ನಡೆಸುವವರು. ಹೇಳಿದ ಕೆಲಸಕ್ಕೆ ತಡಮಾಡುವ ಜನವಲ್ಲ. ಮಾಡುವ ಮೊದಲು ಯೋಚಿಸುವ ಜನವೂ ಅಲ್ಲ! ಮಧ್ಯಾಹ್ನದೊಳಗೆ ಹಳೆ ಡ್ರಮ್ಮು ಮಾರುವವನಿಂದ ನೀಲಿ ಪ್ಲಾಸ್ಟಿಕ್ ಡ್ರಮ್ಮೊಂದು ರಿಕ್ಷಾದಲ್ಲಿ ಬಂದಿಳಿಯಿತು. ಎದೆಯೆತ್ತರ, ಗಟ್ಟಿಮುಟ್ಟು, ಬಿಗಿಯಾದ ಮುಚ್ಚಳ. ಅದರ ಮೇಲಿದ್ದ ಲೇಬಲ್ಲನ್ನು ಯಾರೋ ಕೆರೆದು ತೆಗೆದಿದ್ದರು. ಒಳಗೆ ಎಂಥದೋ ಸಣ್ಣ ವಾಸನೆ.

"ತೊಳೆದ್ರೆ ಹೋಗ್ತದೆ," ಎಂದು ಹೇಳಿ ಐತಾಳರು ಹೋಟೆಲಿಗೆ ನಡೆದರು.

ರುಕ್ಮಿಣಿಯಮ್ಮ ಸೆರಗು ಸಿಕ್ಕಿಸಿ ಬಚ್ಚಲಲ್ಲಿ ತೊಳೆಯಲು ನಿಂತರು. ಸೋಪಿನ ಪುಡಿಗೆ ವಾಸನೆ ಜಗ್ಗಲಿಲ್ಲ. ಬ್ಲೀಚಿಂಗ್ ಪೌಡರ್ ಸುರಿದರು, ಅದಕ್ಕೂ ಜಗ್ಗಲಿಲ್ಲ. ಆಮೇಲೆ ಕಕ್ಕಸು ತೊಳೆಯುವ ಆಸಿಡ್ ಬಾಟಲಿ ಕೈಗೆ ಸಿಕ್ಕಿತು. ಅದನ್ನೂ ಅದರ ಮೇಲೆಯೇ ಹೊಯ್ದರು. ಬುಸ್ಸೆಂದು ಹಬೆಯೆದ್ದು ಮುಖಕ್ಕೆ ಬಡಿಯಿತು. ಕಣ್ಣುರಿ, ಗಂಟಲುರಿ, ನಿಲ್ಲದ ಕೆಮ್ಮು. ಪಕ್ಕದ ಕೋಣೆಯಲ್ಲಿ ಮಲಗಿದ್ದ ಚೈತ್ರಾ, "ಅಮ್ಮಾ, ಕ್ಯಾ ಹುವಾ?" ಎನ್ನುತ್ತಾ ಹೊಟ್ಟೆ ಹಿಡಿದುಕೊಂಡು ಎದ್ದುಬಂದಳು. ಅವಳಿಗೂ ಕೆಮ್ಮು ಹತ್ತಿತು.

ಎದುರು ಮನೆಯ ವೈದೇಹಿ ಅಂದು ರಜೆಯಲ್ಲಿದ್ದರು. ಧಾರವಾಡದವರು, ಬಣ್ಣದ ಕಾರ್ಖಾನೆಯೊಂದರಲ್ಲಿ ಸುರಕ್ಷತಾ ಅಧಿಕಾರಿ. ಕೆಮ್ಮು ಕೇಳಿ ಓಡಿಬಂದವರಿಗೆ ಬಾಗಿಲಲ್ಲೇ ಘಾಟು ಹೊಡೆದು ವಿಷಯ ತಿಳಿಯಿತು.

"ಒಳಗ ನಿಂದರಬ್ಯಾಡ್ರಿ! ಎಲ್ಲಾ ಅಲ್ಲೇ ಬಿಟ್ಟು ಹೊರಗ ಬರ್ರಿ. ಚೈತ್ರಾ, ನೀನೂ ಬಾ, ನನ್ನ ಕೈ ಹಿಡ್ಕೊ."

ಕೆಳಗೆ ಅಂಗಳದ ಗಾಳಿಗೆ ಬಂದ ಮೇಲೆ ಉಸಿರು ತುಸು ಹಗುರಾಯಿತು.

"ಏನ್ ಹಾಕಿದ್ರಿ ಅಕ್ಕಾರ ಅದರಾಗ?"

"ಬ್ಲೀಚಿಂಗು, ಮತ್ತೆ ಆಸಿಡ್. ಎರಡೂ ಹಾಕಿದ್ರೆ ಲಾಯಕ್ ಕ್ಲೀನ್ ಆಗ್ತದಲ್ಲ ಅಂತ."

"ಎರಡೂ ಕೂಡಿದ್ರ ಕ್ಲೋರಿನ್ ಅನ್ನೋ ವಿಷದ ಗಾಳಿ ಏಳ್ತದ್ರೀ. ಬಚ್ಚಲ ಬಾಗಿಲಾ ಹಾಕ್ಕೊಂಡು ತೊಳದಿದ್ರ ನಿಮ್ಮನ್ನ ಎತ್ಕೊಂಡು ಬರಬೇಕಾಗ್ತಿತ್ತು."

ರುಕ್ಮಿಣಿಯಮ್ಮ ಮಗಳತ್ತ ತಿರುಗಿದರು. ತನಗೇನಾದರೂ ಆಗಲಿ, ಮಗಳ ಹೊಟ್ಟೆಯಲ್ಲಿರುವ ಕೂಸು? ಮೂವರೂ ನೇರ ಆಸ್ಪತ್ರೆಗೆ ಹೋದರು. ಡಾಕ್ಟರು ಇಬ್ಬರನ್ನೂ ಸ್ವಲ್ಪ ಹೊತ್ತು ಇರಿಸಿಕೊಂಡು ನೋಡಿದರು. ಕೂಸಿನ ಎದೆಬಡಿತ ಚೆನ್ನಾಗಿದೆ ಎಂದು ಅವರು ಹೇಳಿದ ಮೇಲೆಯೇ ಆ ತಾಯಿಗೆ ಹೋದ ಜೀವ ಬಂತು.

ಸಂಜೆಯ ಹೊತ್ತಿಗೆ ಮನೆಯೆಲ್ಲ ಗಾಳಿಯಾಡಿತ್ತು. ವೈದೇಹಿ ಮಾಸ್ಕು, ಕೈಗವಸು ಹಾಕಿಕೊಂಡು ಡ್ರಮ್ಮಿಗೆ ಬರೀ ನೀರು ಹೊಯ್ದು ತೊಳೆದು ಟೆರೇಸಿಗೆ ಸಾಗಿಸಿದ್ದರು. ಹೋಟೆಲಿನಿಂದ ಓಡಿಬಂದ ಐತಾಳರು ಹೆಂಡತಿ, ಮಗಳ ಮುಖ ನೋಡಿ ಸಮಾಧಾನವಾದ ಮೇಲೆ ವಾದಕ್ಕಿಳಿದರು.

"ಸರಿ, ತೊಳೆದ ಕ್ರಮ ತಪ್ಪು, ಒಪ್ತೇನೆ. ಡ್ರಮ್ಮು ಎಂತ ಮಾಡಿತು? ಈ ವಟ್ವಾದಲ್ಲಿ ಎಷ್ಟು ಮನೆಯಲ್ಲಿ ಇದೇ ಡ್ರಮ್ಮು ಉಂಟು. ಯಾರು ಸತ್ತಿದ್ದಾರೆ?"

"ಸತ್ರಷ್ಟ ಹಾನಿ ಏನ್ರಿ ಐತಾಳರ? ಇದರಾಗ ಮೊದಲ ಏನಿತ್ತು, ಹೇಳ್ರಿ ನೋಡೋಣ."

"ಅದು ನನಗೆ ಹೇಗೆ ಗೊತ್ತು?"

"ಅದ ನೋಡ್ರಿ ಭಯ. ನಮ್ಮ ಕಾರ್ಖಾನಿಯೊಳಗ ಖಾಲಿ ಡ್ರಮ್ಮನ್ನೂ ಬರಿಗೈಲೆ ಮುಟ್ಟಗೊಡೂದಿಲ್ಲ. ಒಳಗಿದ್ದದ್ದು ಪ್ಲಾಸ್ಟಿಕ್ಕಿನ ಗ್ವಾಡಿಯೊಳಗ ಇಂಗಿರ್ತದ. ಸೋಪು, ಆಸಿಡ್ಡು ಮ್ಯಾಲಿಂದಷ್ಟ ತೊಳೀತಾವ. ಬಿಸಿನೀರು ಬಿತ್ತಂದ್ರ ಇಂಗಿದ್ದು ಮತ್ತ ನೀರಿಗೆ ಬಿಡ್ತದ. ಆ ನೀರು ಹಸಿ ಬಾಣಂತಿಗೆ, ಎಳೆ ಕೂಸಿಗೆ ಹಾಕ್ತೀರೇನು? ಕೂಸಿನ ಚರ್ಮ ಎಷ್ಟ್ ತೆಳುವು ಇರ್ತದ!"

ಐತಾಳರು ಸೋಲೊಪ್ಪಲಿಲ್ಲ. "ನೋಡಿಯೇ ಬಿಡುವ," ಎಂದು ಕುದಿಯುವ ನೀರಿನ ಪಾತ್ರೆ ಹೊತ್ತು ಟೆರೇಸಿಗೆ ಏರಿದರು. ಬೇಡವೆಂದು ವೈದೇಹಿ ತಡೆದರೂ ಕೇಳದೆ ಡ್ರಮ್ಮಿಗೆ ಸುರಿದರು. ಹಬೆಯೆದ್ದಿತು, ಜೊತೆಗೆ ಪೇಂಟಿನಂಥ ಗಾಢ ವಾಸನೆಯೂ ಎದ್ದಿತು. ಹಿಟ್ಟು ಹದಕ್ಕೆ ಹುಳಿ ಬಂದಿದೆಯೋ ಇಲ್ಲವೋ ಎಂದು ಅಡುಗೆಮನೆಯ ಬಾಗಿಲಲ್ಲೇ ಹೇಳುವ ಮೂಗು ಅವರದು. ಆ ಮೂಗಿಗೆ ಅವರು ಸುಳ್ಳು ಹೇಳುವುದು ಹೇಗೆ? ಮೂಗು ಮುಚ್ಚಿಕೊಂಡು ಹಿಂದೆ ಸರಿದರು.

"ವಾಸನಿ ಬರದ ಇದ್ರೂ ನಂಬಬ್ಯಾಡ್ರಿ," ಎಂದರು ವೈದೇಹಿ. "ಎಷ್ಟೋ ವಿಷಕ್ಕ ವಾಸನಿನ ಇರೂದಿಲ್ಲ."

"ಬೇಡ. ಈ ಡ್ರಮ್ಮು ಬೇಡ," ಎಂದರು ಐತಾಳರು. "ಹೋಟೆಲಿನಿಂದ ದೊಡ್ಡ ಸ್ಟೀಲ್ ಕೊಪ್ಪರಿಗೆ ತರ್ತೇನೆ. ಅದರಲ್ಲೇ ನೀರು ಕಾಯಿಸುವ."

ಅಲ್ಲಿಗೆ ಮುಗಿಯಿತು ಅಂದುಕೊಂಡರೆ, ಜೊತೆಗೆ ಟೆರೇಸಿಗೆ ಬಂದಿದ್ದ ರುಕ್ಮಿಣಿಯಮ್ಮ ಗಂಡನ ಮುಖವನ್ನೇ ನೋಡುತ್ತಾ ಕೇಳಿದರು. "ಹೋಟೆಲಲ್ಲಿ ಅಕ್ಕಿ ನೆನೆಹಾಕುವುದು ಎಂತದರಲ್ಲಿ? ಹಿಟ್ಟು ತುಂಬಿಡುವುದು ಎಂತದರಲ್ಲಿ?"

ಅಲ್ಲಿರುವುದೂ ಅದೇ ವ್ಯಾಪಾರಿಯ ಡ್ರಮ್ಮುಗಳೇ.

"ನಮ್ಮ ಕೂಸಿನ ಮೈಗೆ ಆಗದ್ದು ಬೇರೆಯವರ ಮಕ್ಕಳ ಹೊಟ್ಟೆಗೆ ಆಗ್ತದಾ? ಹೇಳಿ!"

"ನಾಳೆಗೆ ಹಿಟ್ಟು ತಯಾರುಂಟು ಮಾರಾಯ್ತಿ..."

"ಚೆಲ್ಲಿ. ನಾಳೆ ಹೋಟೆಲು ಬಂದ್. ಸ್ಟೀಲಿನ ಪಾತ್ರೆ ಬಂದ ಮೇಲೆ ತೆಗೀರಿ. ಅಷ್ಟರವರೆಗೆ ನಾನು ಅಲ್ಲಿಯ ಒಂದು ಇಡ್ಲಿ ಮುಟ್ಟುವುದಿಲ್ಲ, ಮಗಳಿಗೂ ಮುಟ್ಟಗೊಡುವುದಿಲ್ಲ."

ಮದುವೆಯಾಗಿ ಇಷ್ಟು ವರ್ಷದಲ್ಲಿ ಆಕೆ ಹೋಟೆಲಿನ ವ್ಯವಹಾರಕ್ಕೆ ಬಾಯಿ ಹಾಕಿದವರಲ್ಲ. ಅಂದು ಹಾಕಿದರು. ಹಾಕಬೇಕಿತ್ತು ಕೂಡ. ಮರುದಿನ ಐತಾಳರು ಬೀಗ ತೆಗೆಯಲಿಲ್ಲ, ನೇರ ಪಾತ್ರೆ ಅಂಗಡಿಗೆ ಹೋದರು. ಡ್ರಮ್ಮುಗಳನ್ನು ಮತ್ತೆ ಗುಜರಿಗೆ ಕೊಟ್ಟರೆ ಇನ್ನೊಂದು ಮನೆ ಸೇರುತ್ತವೆ. ಹಾಗಾಗಿ ಅವನ್ನು ವಿಲೇವಾರಿಗೆ ಪರವಾನಗಿ ಇರುವವರಿಗೇ ಒಪ್ಪಿಸುವ ವ್ಯವಸ್ಥೆಯನ್ನು ವೈದೇಹಿ ಮಾಡಿಸಿದರು.

ರುಕ್ಮಿಣಿಯಮ್ಮ ಹಿಡಿದ ಹಠ ಅಷ್ಟಕ್ಕೇ ನಿಲ್ಲಲಿಲ್ಲ. ಕುದಿಯುವ ಸಾಂಬಾರನ್ನು ತೆಳು ಪ್ಲಾಸ್ಟಿಕ್ ಚೀಲಕ್ಕೆ ಹೊಯ್ದು ದಾರ ಕಟ್ಟಿಕೊಡುವುದೂ ನಿಂತಿತು. "ಅಂಕಲ್, ಥೇಲಿ ಕೊಡಿ," ಎಂದು ಚೀಲ ಕೇಳಿ ಗಿರಾಕಿಗಳು ಗೊಣಗಿದರು, ಕೆಲವರು ಪಕ್ಕದ ಅಂಗಡಿಗೂ ಹೋದರು. "ಡಬ್ಬಿ ತನ್ನಿ, ಇನ್ನೊಂದು ಸೌಟು ಹೆಚ್ಚು ಹಾಕ್ತೇನೆ," ಎಂದು ಐತಾಳರು ತಮ್ಮ ಹರಕುಮುರುಕು ಗುಜರಾತಿಯಲ್ಲಿ ಹೇಳುತ್ತಲೇ ಇದ್ದರು. ಹೋದವರಲ್ಲಿ ಹಲವರು ಡಬ್ಬಿ ಹಿಡಿದು ಹಿಂದೆ ಬಂದರು.

ಚೈತ್ರಾಗೆ ಹೆಣ್ಣುಮಗು ಹುಟ್ಟಿತು. ಸ್ಟೀಲ್ ಕೊಪ್ಪರಿಗೆಯ ಬಿಸಿನೀರನ್ನು ರುಕ್ಮಿಣಿಯಮ್ಮ ಮಗಳಿಗೆ ಮನಸಾರೆ ಹೊಯ್ದರು. "ಬಸ್ ಅಮ್ಮಾ, ಸಾಕು!" ಎಂದು ಅವಳು ಕೂಗಿಕೊಂಡರೂ ಬಿಡಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಓದಿ ಮಡಚಿಡುವ ಮೊದಲು ಎದ್ದು ನಿಮ್ಮ ಬಚ್ಚಲಿಗೆ, ಅಡುಗೆಮನೆಗೆ ಒಮ್ಮೆ ಹೋಗಿ ನೋಡಿ. ಹಿಂದೆ ಏನು ತುಂಬಿತ್ತೆಂದು ಗೊತ್ತಿಲ್ಲದ ಡ್ರಮ್ಮು, ಕ್ಯಾನು ಇದ್ದರೆ ಅದರಲ್ಲಿ ನೀರು, ಅಕ್ಕಿ, ಹಿಟ್ಟು ಏನನ್ನೂ ಇಡಬೇಡಿ. ಇನ್ನೊಬ್ಬರಿಗೂ ಕೊಡಬೇಡಿ. ಬಿಸಿ ಊಟವನ್ನು ಪ್ಲಾಸ್ಟಿಕ್ಕಿಗೆ ಹಾಕಬೇಡಿ, ಸ್ಟೀಲು ಗಾಜು ಮನೆಯಲ್ಲಿ ಇದ್ದೇ ಇರುತ್ತದೆ. ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಒಂದಕ್ಕೊಂದು ಎಂದೂ ಸೇರಬಾರದು. ಅಕಸ್ಮಾತ್ ಸೇರಿದರೆ, ಎಲ್ಲವನ್ನೂ ಅಲ್ಲೇ ಬಿಟ್ಟು ಹೊರಗೆ ಓಡಿ, ಡಾಕ್ಟರಿಗೆ ತೋರಿಸಿ. "ಎಲ್ಲರೂ ಹೀಗೇ ಮಾಡ್ತಾರೆ, ಏನಾಗ್ತದೆ" ಎಂದು ಮನೆಯಲ್ಲಿ ಯಾರಾದರೂ ಅಂದರೆ ಸುಮ್ಮನಾಗಬೇಡಿ. ರುಕ್ಮಿಣಿಯಮ್ಮನ ಹಾಗೆ ಮುಖಕ್ಕೆ ಮುಖ ಕೊಟ್ಟು ಕೇಳಿ. ನಿಮ್ಮ ಮನೆಯ ಕೂಸಿಗೆ ಇನ್ನೂ ಮಾತು ಬಾರದು, ಅದರ ಪರವಾಗಿ ನೀವೇ ಕೇಳಬೇಕು.