ಗೀರಣ್ಣನ ಮೊಳೆ

ರೇಡಿಯೊ ಕಚೇರಿಯಲ್ಲಿ ಗೀರಣ್ಣನ ಕೆಲಸ ಹಾಡು ಕೊಲ್ಲುವುದು. ನಿಷೇಧಿಸಿದ ಹಾಡಿನ ಗ್ರಾಮಫೋನ್ ಪ್ಲೇಟಿನ ಮೇಲೆ ಮೊಳೆಯಿಂದ ಒಂದು ಗೀರು ಎಳೆದರೆ ಅದರ ಕಥೆ ಮುಗಿದಂತೆ. ಹಸಿವಿನ ಹಾಡು ನಿಷಿದ್ಧ, ಏಕೆಂದರೆ ನಾಡಿನಲ್ಲಿ ಹಸಿವಿಲ್ಲ. ಚಂದ್ರನ ಹಾಡೂ ನಿಷಿದ್ಧ, ಏಕೆಂದರೆ ಅಧ್ಯಕ್ಷರ ತಲೆ ಬೋಳು. ಆಳುವವರದು ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ! ಪ್ಲೇಟು ಕಂಪನಿಗಳು ಪೆಟ್ಟು ಬೀಳುವ ಮೊದಲೇ ಬೆನ್ನು ಬಗ್ಗಿಸಿ, ಕವಿಗಳಿಗೆ ಯಾರಿಗೂ ನೋಯದ ಸೋಪಿನ ಬಗ್ಗೆ ಬರೆಯಿರಿ ಎಂದವು. ಪ್ರೇಮಗೀತೆಗಳಲ್ಲೂ ನೊರೆ ಬಂತು.

ಒಂದು ದಿನ ಅಕ್ಕ ಹಾಡಿದ್ದ ಪ್ಲೇಟೇ ಮೇಜಿನ ಮೇಲೆ ಬಂತು. ತಾಯಿಯಿಲ್ಲದ ಗೀರಣ್ಣನನ್ನು ಸಾಕಿದವಳು ಅವಳು. ಮನೆಯಲ್ಲಿ ಏನೂ ಇಲ್ಲದ ದಿನ ಅವನನ್ನು ತಟ್ಟಿ ಮಲಗಿಸುತ್ತಿದ್ದ ಹಾಡು ಅದು: “ಹಸಿವೇ, ಸ್ವಲ್ಪ ಹೊತ್ತು ಸುಮ್ಮನಿರು.”

“ನಾನಲ್ಲದಿದ್ರೆ ಇನ್ನೊಬ್ಬ ಗೀರ್ತಾನೆ ಅಕ್ಕ,” ಎಂದು ಅವಳ ಮನೆ ಬಾಗಿಲಲ್ಲಿ ನಿಂತು ಹೇಳಿದ.

“ಇನ್ನೊಬ್ಬ ಗೀರಿದ್ರೆ ನನಗೆ ಇಷ್ಟು ಉರೀತಿರಲಿಲ್ಲ ಕಣೋ,” ಎಂದು ಅಕ್ಕ ಬಾಗಿಲು ಹಾಕಿಕೊಂಡಳು. ಅಂದಿನಿಂದ ಮಾತು ಬಿಟ್ಟಳು.

ಗೀರಣ್ಣ ಗೀರಿದ. ಮೊಳೆ ಜಾರಿತು. ಗೀರು ಆಳಕ್ಕೆ ಇಳಿಯಲಿಲ್ಲ.

ಕೆಲವು ದಿನಗಳ ನಂತರ ನಿಷೇಧದ ಅಧಿಕಾರಿ ತಪಾಸಣೆಗೆ ಬಂದರು. ವಾರ್ತೆ ಓದುತ್ತಿದ್ದವನು ಅವರನ್ನು ಕಂಡು ದಡಬಡಿಸಿ ಎದ್ದು ಕೈಮುಗಿದ. ಆ ಭಕ್ತಿಯಲ್ಲಿ ಮೈಕು ಆರಿಸುವುದನ್ನೇ ಮರೆತ. “ಈ ಹಾಡು ಸತ್ತಿದೆಯೋ ಇಲ್ಲವೋ ಹಾಕಿ ನೋಡೋಣ,” ಎಂದು ಅಧಿಕಾರಿ ಅಕ್ಕನ ಪ್ಲೇಟು ಚಾಚಿದರು. ಮುಳ್ಳು ಗೀರಿನವರೆಗೆ ಬಂದು ಎಡವಿ, ಹಿಂದಕ್ಕೆ ಹಾರಿತು. “ಹಸಿವೇ... ಹಸಿವೇ... ಹಸಿವೇ...”

ಅಂಗಡಿ, ಕ್ಷೌರದ ಕೋಣೆ, ಬಸ್ಸು, ಎಲ್ಲ ಕಡೆ ಅದೇ ಕೂಗು. ಮುಳ್ಳು ಎತ್ತಲು ವಾರ್ತೆಯವನು ಅಧಿಕಾರಿಯ ಅಪ್ಪಣೆಗೆ ಕಾದ. ಅಧಿಕಾರಿ ಮೇಲಿನವರಿಗೆ ಫೋನು ಹಚ್ಚಿದರು. ಮೇಲಿನವರು ರೇಡಿಯೊ ಕೇಳುತ್ತ ಬೆವರುತ್ತಿದ್ದರು. ಕೊನೆಗೆ ಕರೆಂಟು ಹೋಗಿ ಎಲ್ಲರ ಮಾನ ಉಳಿಯಿತು.

“ಬೇಕಂತಲೇ ಮಾಡಿದ್ಯಾ?” ಅಧಿಕಾರಿ ಗೀರಣ್ಣನನ್ನು ಕರೆಸಿ ಗದರಿದರು.

“ಅಯ್ಯೋ, ಇಲ್ಲ ಸ್ವಾಮಿ, ಕೈ ತಪ್ಪಿತು!” ಗೀರಣ್ಣ ಹೇಳಿದ್ದು ನಿಜ. ಜೈಲು ತಪ್ಪಿತು, ಕೆಲಸ ಹೋಯಿತು.

ನೆಟ್ಟಗೆ ಅಕ್ಕನ ಮನೆಗೆ ಹೋದ. ಬಾಗಿಲು ತೆರೆದಿತ್ತು.

“ಬೇಕಂತಲೇ ಮಾಡಿದ್ಯೇನೋ?”

“ಹೂಂ ಅಕ್ಕ, ಬೇಕಂತಲೇ.”

ಅಕ್ಕ ಅವನ ಮುಖವನ್ನೇ ನೋಡಿದಳು. ಚಿಕ್ಕಂದಿನಿಂದ ಕಂಡ ಮುಖ. “ನೆಟ್ಟಗೆ ಗೀರೋಕೂ ಬರಲ್ಲ, ನೆಟ್ಟಗೆ ಸುಳ್ಳು ಹೇಳೋಕೂ ಬರಲ್ಲ ನಿನಗೆ,” ಎಂದು ಕಣ್ಣೊರೆಸಿಕೊಂಡು ಪಕ್ಕಕ್ಕೆ ಸರಿದಳು. “ಹಸಿವಾಗಿದ್ಯಾ?”

ನಾಡಿನಲ್ಲಿ ಇಲ್ಲವೇ ಇಲ್ಲದ ಹಸಿವನ್ನು ಗೀರಣ್ಣ ತಲೆ ತಗ್ಗಿಸಿ ಒಪ್ಪಿಕೊಂಡ.