ಮಾಸ್ತರರು ಬರೆದ ಹದಿನೆಂಟನೆಯ ನಿಯಮ

ಅನಂತರಾಜ ಮಾಸ್ತರರು ಹುಡುಗರ ಕೈ ಮೂಸುತ್ತಿದ್ದರು. ಬೆಳಗಿನ ಪ್ರಾರ್ಥನೆ ಮುಗಿದು ಸಾಲುಗಳು ತರಗತಿಗಳತ್ತ ತಿರುಗುವ ಹೊತ್ತಿಗೆ ಬಾಗಿಲ ಬಳಿ ನಿಂತು, ಮನಸ್ಸಿಗೆ ಬಂದ ಒಬ್ಬನನ್ನು ಬೆರಳಿನಿಂದಲೇ ಕರೆದು, ಅವನ ಬಲಗೈಯನ್ನು ವೈದ್ಯರು ನಾಡಿ ಹಿಡಿಯುವ ಗಾಂಭೀರ್ಯದಿಂದ ಎತ್ತಿ, ಮೂಗಿನ ಹತ್ತಿರ ಒಯ್ದು ಕಣ್ಣು ಮುಚ್ಚುತ್ತಿದ್ದರು. ಬೀಡಿ, ನಶ್ಯ, ಪಕ್ಕದ ಹಿತ್ತಿಲಿನಿಂದ ಕದ್ದ ಮಾವಿನ ಸೊನೆ, ಯಾವುದೂ ಆ ಮೂಗಿಗೆ ತಪ್ಪುತ್ತಿರಲಿಲ್ಲ. ಹುಡುಗಿಯರ ಕೈ ಮೂಸುವುದು ಸಭ್ಯತೆಯಲ್ಲವಾದ್ದರಿಂದ ಅವರನ್ನು ಕಣ್ಣಿನಿಂದ ಅಳೆದು ಬಿಟ್ಟುಬಿಡುತ್ತಿದ್ದರು. ಹಾಗೆ ಬಿಟ್ಟದ್ದಕ್ಕೆ ಒಳಗೊಳಗೇ ಕೊರಗುತ್ತಲೂ ಇದ್ದರು.

ಸಾವಿರದ ಒಂಬೈನೂರ ಐವತ್ತೇಳರಲ್ಲಿ, ಶಿರ್ತಾಡಿಯಿಂದ ನಾರಾವಿಯ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿ ಊರವರು ಹಂಚಿನ ಮಾಡಿನ ಒಂದು ಹೈಸ್ಕೂಲು ಕಟ್ಟಿಸಿದಾಗ, ಅದರ ಮೊದಲ ಹೆಡ್ಮಾಸ್ತರರಾಗಿ ಅವರು ಬಂದರು. ಮೂಡುಬಿದಿರೆಯ ಬಸದಿಯೊಂದರ ಅರ್ಚಕರ ಮಗ. ಸೋಸದ ನೀರು ಕುಡಿಯದ, ಸೂರ್ಯ ಮುಳುಗಿದ ಮೇಲೆ ಅನ್ನ ಮುಟ್ಟದ ನಿಷ್ಠಾವಂತ. ತೆಳ್ಳಗೆ ಉದ್ದನೆಯ ದೇಹದ ಮೇಲೆ ಸೆಕೆಗೂ ಮಳೆಗೂ ಒಂದೇ ಕಪ್ಪು ಕೋಟು, ಕೊರಳ ತನಕ ಗುಂಡಿ. ಅದರ ಎಡ ಜೇಬಿನಲ್ಲಿ ಗೋಲಿ, ರಬ್ಬರು ಬಿಲ್ಲು, ನಾಲ್ಕಾಗಿ ಮಡಚಿದ ಪ್ರೇಮಪತ್ರ, ಹೀಗೆ ವಶಪಡಿಸಿಕೊಂಡ ಸಾಮಾನುಗಳು ಸದಾ ತುಂಬಿಕೊಂಡಿರುತ್ತಿದ್ದವು. ಕಾಲಿಗೆ ಕ್ಯಾನ್ವಾಸಿನ ಬೂಟು. ಸದ್ದಾಗಬಾರದೆಂದೇ ಅದನ್ನು ಆರಿಸಿಕೊಂಡಿದ್ದರು. ನೀವು ಏನೇ ಹೇಳಿ, ತಲೆಯನ್ನು ಸ್ವಲ್ಪ ಓರೆ ಮಾಡಿ “ಇರಬಹುದು, ಇರಬಹುದು” ಎನ್ನುತ್ತಿದ್ದರು. ಆ ಮಾತಿನ ಅರ್ಥ ‘ನಾನು ನಂಬಿಲ್ಲ’ ಎಂದು ಒಂಬತ್ತನೇ ತರಗತಿಗೆ ಬರುವಷ್ಟರಲ್ಲಿ ಎಲ್ಲರಿಗೂ ತಿಳಿದಿರುತ್ತಿತ್ತು.

ಒಮ್ಮೆ ಶೇಷಪ್ಪನೆಂಬ ಹುಡುಗ ಅಜ್ಜಿ ತೀರಿಕೊಂಡಳೆಂದು ರಜೆ ಕೇಳಿದ. ಮಾಸ್ತರರ ಪ್ರಕಾರ ಆ ಅಜ್ಜಿ ಹಿಂದಿನ ವರ್ಷವೇ ಒಮ್ಮೆ ತೀರಿಕೊಂಡಿದ್ದಳು. ಮರುದಿನ ಅವರು ಎರಡು ಬಸ್ಸು ಬದಲಿಸಿ, ನೇತ್ರಾವತಿಯ ದಂಡೆಯ ನರಿಕೊಂಬಿನಲ್ಲಿದ್ದ ಅವನ ತಂದೆಯ ಮನೆಯವರೆಗೆ ಹೋದರು. ಮನೆಯಲ್ಲಿ ನಿಜವಾಗಿಯೂ ಸೂತಕವಿತ್ತು. ಹೋದ ವರ್ಷ ಸತ್ತವಳು ತಾಯಿಯ ತಾಯಿ, ಈಗಿನವಳು ತಂದೆಯ ತಾಯಿ. ಮಾಸ್ತರರು ಅಂಗಳದಲ್ಲಿ ಒಂದು ಗಳಿಗೆ ನಿಂತು, ಎಳನೀರು ಕುಡಿದು, ಹಿಂದಿರುಗಿ ರಜೆಚೀಟಿಯ ಮೇಲೆ ‘ಪರಿಶೀಲಿಸಲಾಗಿದೆ’ ಎಂದು ಬರೆದರು. ಹೆಡ್ಮಾಸ್ತರರೇ ಅಷ್ಟು ದೂರದಿಂದ ದುಃಖ ಕೇಳಲು ಬಂದರೆಂದು ಆ ಮನೆಯವರು ಬಹಳ ಕಾಲ ಕೊಂಡಾಡಿದರು.

ಅರವತ್ತನಾಲ್ಕರ ಅಕ್ಟೋಬರಿನಲ್ಲಿ, ಒಂದು ಶನಿವಾರ, ಶಾಲೆಯ ಕೆಲಸಕ್ಕೆಂದು ಬೆಳ್ತಂಗಡಿಗೆ ಹೋದವರು ಪೋಲೀಸು ಠಾಣೆಯ ಎದುರು ಥಟ್ಟನೆ ನಿಂತರು. ಜಗಲಿಯಲ್ಲಿ ಲಂಗ ದಾವಣಿಯ ಒಂದು ಹುಡುಗಿ ಗೋಣಿಯಲ್ಲಿ ಸುತ್ತಿದ್ದ ಕೋವಿಯನ್ನು ಬಿಚ್ಚಿ ಕಾನ್‌ಸ್ಟೇಬಲನ ಮೇಜಿನ ಮೇಲೆ ಇಡುತ್ತಿದ್ದಳು. ಅವನು ನಗುತ್ತ, “ಏನು ಲೋಲಾಕ್ಷಿ, ಈ ಸಲ ಎಷ್ಟು ಹಂದಿ?” ಎಂದು ಕೇಳಿದ. ಲೋಲಾಕ್ಷಿ ಅವರ ಶಾಲೆಯ ಎಸ್.ಎಸ್.ಎಲ್.ಸಿ. ತರಗತಿಯವಳು, ತಡವಾಗಿ ಶಾಲೆ ಸೇರಿದ್ದರಿಂದ ಹದಿನೆಂಟು ತುಂಬಿತ್ತು, ಮಾತು ಕಡಿಮೆ, ಜ್ಯಾಮಿತಿ ಚೆನ್ನಾಗಿ ಬರುತ್ತಿತ್ತು. ಏಳು ವರ್ಷ ಕೈ ಮೂಸಿದವರಿಗೆ ತಾವು ಮೂಸದೆ ಬಿಟ್ಟ ಕೈಯೇ ವಂಚಿಸಿತೆಂದು ಅನ್ನಿಸಿತು.

ಸೋಮವಾರ ಅವಳನ್ನು ಆಫೀಸಿಗೆ ಕರೆಸಿದರು.

“ಕೋವಿ ಯಾರದ್ದು?”

“ನಮ್ಮದೇ ಸರ್. ಬೆಳೆ ಕಾಯ್ಲಿಕ್ಕೆ. ಲೈಸನ್ಸು ಉಂಟು. ವರ್ಷಕ್ಕೊಮ್ಮೆ ಸ್ಟೇಶನಿನಲ್ಲಿ ತೋರಿಸ್ಬೇಕು.”

“ಹೊಡೆಯುವುದು ಯಾರು?”

“ನಾನು.”

“ಇರಬಹುದು,” ಎಂದರು ಮಾಸ್ತರರು.

ನಂಬಲಿಲ್ಲ. ದಾವಣಿಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗದ್ದೆಯ ಬದುವಿನಲ್ಲಿ ಗುರಿ ಹಿಡಿಯುವ ಹುಡುಗಿ ಅವರ ಕಲ್ಪನೆಯೊಳಗೆ ಹೇಗೆ ಮಾಡಿದರೂ ನಿಲ್ಲಲಿಲ್ಲ. ಅವಳ ಹಿಂದೆ ಯಾರೋ ಇರಬೇಕು. ತಂದೆ ಕಾಡಿಗೆ ನುಗ್ಗಿ ಕಡವೆ ಹೊಡೆದು ಮಾಂಸ ಮಾರುವವನಿರಬೇಕು. ಅಥವಾ ಯಾವನೋ ಪುಂಡ ಆ ಕೋವಿ ಒಯ್ಯುತ್ತಿರಬೇಕು, ಅವನನ್ನು ಇವಳು ಮರೆಮಾಡುತ್ತಿರಬೇಕು. ಆ ಕಾನ್‌ಸ್ಟೇಬಲನ ನಗುವಿನಲ್ಲಿಯೂ ಏನೋ ಇದ್ದಿರಬೇಕು. ಅಹಿಂಸೆಯ ಮನೆತನದವರಾದ್ದರಿಂದ ಕೋವಿಯೆಂದರೆ ಆಗದು ಎಂದು ಊರವರು ಆಮೇಲೆ ಆಡಿಕೊಂಡರು, ಅದು ನಿಜವಲ್ಲ. ಹಂದಿ ಸತ್ತದ್ದು ಅವರನ್ನು ಅಷ್ಟಾಗಿ ಬಾಧಿಸಲಿಲ್ಲ. ತಮಗೆ ತಿಳಿಯದೆ ತಮ್ಮ ವಿದ್ಯಾರ್ಥಿನಿಗೊಂದು ಜೀವನವಿತ್ತು ಎಂಬುದು ಬಾಧಿಸಿತು. ತನಿಖೆ ಮುಗಿಯುವ ತನಕ ಶಾಲೆಗೆ ಬರಕೂಡದೆಂದು ಆಜ್ಞೆ ಮಾಡಿದರು. ಪಬ್ಲಿಕ್ ಪರೀಕ್ಷೆಯ ಅರ್ಜಿಗಳು, ಹೆಡ್ಮಾಸ್ತರರ ನಡತೆಯ ಸರ್ಟಿಫಿಕೇಟಿನೊಂದಿಗೆ, ತಿಂಗಳ ಕೊನೆಯೊಳಗೆ ಮಂಗಳೂರಿಗೆ ತಲುಪಬೇಕಿತ್ತು. ತಲುಪದಿದ್ದರೆ ಅವಳ ಒಂದು ವರ್ಷ ಹೋಯಿತು, ಮತ್ತು ಅಂಥ ಸಣ್ಣ ಬೇಸಾಯದ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಎರಡನೆಯ ವರ್ಷ ದೊರಕುತ್ತಿರಲಿಲ್ಲ.

ಬುಧವಾರ ಮಧ್ಯಾಹ್ನ ಮಾಸ್ತರರು ನಾರಾವಿಯಿಂದಾಚೆ ಗುಡ್ಡದ ತಪ್ಪಲಿನ ಆ ಮನೆಗೆ ತಾವೇ ನಡೆದು ಹೋದರು. ಕೊಯ್ಲಿಗೆ ಬಂದಿದ್ದ ಗದ್ದೆಯ ಒಂದು ಮೂಲೆಯನ್ನು ಹಂದಿಗಳು ಉತ್ತಂತೆ ಕೆಡವಿದ್ದವು. ಜಗಲಿಯಲ್ಲಿ ಕುಳಿತಿದ್ದ ತಂದೆ ಡೊಂಬಯ್ಯ ದನಿ ಬಂದ ದಿಕ್ಕಿಗೆ ಮುಖವೆತ್ತಿದ. ಎರಡು ಕಣ್ಣಿಗೂ ಪೊರೆ ಬೆಳೆದಿತ್ತು. ಲೋಲಾಕ್ಷಿ ಟ್ರಂಕಿನಿಂದ ಲೈಸನ್ಸು ತಂದುಕೊಟ್ಟಳು. ಡೊಂಬಯ್ಯನ ಹೆಸರಿನ ಕೆಳಗೆ, ಅವನ ಪರವಾಗಿ ಕೋವಿ ಹಿಡಿಯತಕ್ಕವರೆಂದು, ‘ಲೋಲಾಕ್ಷಿ, ಮಗಳು’ ಎಂದು ಬರೆದು ಮುದ್ರೆ ಒತ್ತಿತ್ತು. ಮಾಸ್ತರರು ಕಾಗದವನ್ನು ತಿರುಗಿಸಿದರು, ಬೆಳಕಿಗೆ ಹಿಡಿದರು, ಮುದ್ರೆಯ ಅಂಚನ್ನು ಉಗುರಿನಿಂದ ಕೆರೆದು ನೋಡಿದರು.

“ಹಾಗಾದ್ರೆ ಒಂದು ಈಡು ಹೊಡೆದು ತೋರಿಸು, ನೋಡುವ.”

ಹುಡುಗಿ ಅಲುಗಲಿಲ್ಲ. “ಇಲ್ಲ ಸರ್. ಅದರಲ್ಲಿ ಬೆಳೆ ಕಾಯ್ಲಿಕ್ಕೆ ಅಂತ ಬರೆದದ್ದು. ತೋರಿಸ್ಲಿಕ್ಕೆ ಅಂತ ಬರೆದದ್ದಲ್ಲ.”

ಆ ನಿರಾಕರಣೆಯಲ್ಲಿ ಮಾಸ್ತರರಿಗೆ ತಮ್ಮ ಸಂಶಯದ ಪುರಾವೆಯೇ ಸಿಕ್ಕಂತಾಯಿತು. ಹೊಡೆಯಲು ಬಾರದವಳು ಮತ್ತೇನು ಹೇಳಿಯಾಳು? ಅವರು ಎದ್ದು ಕೋಟು ಸರಿಪಡಿಸಿಕೊಳ್ಳುವಾಗ ಡೊಂಬಯ್ಯ, ತುಳುವಾಡುವ ನಾಲಿಗೆಗೆ ಅಭ್ಯಾಸವಿಲ್ಲದ ಕನ್ನಡವನ್ನು ಒಂದೊಂದೇ ಪದವಾಗಿ ಹೆಕ್ಕುತ್ತ ಕೇಳಿದ:

“ಮಾಸ್ಟ್ರೇ, ಸರ್ಕಾರ ಹಿಡಿ ಅಂತ ಹೇಳಿದ್ದನ್ನು ಶಾಲೆ ಹಿಡೀಬೇಡ ಅಂತ ಹೇಳ್ತದಾ? ಎಲ್ಲಿ ಬರೆದದ್ದು ಉಂಟು ಅದು?”

“ಉಂಟು,” ಎಂದುಬಿಟ್ಟರು ಮಾಸ್ತರರು. “ಶಾಲೆಯ ನಿಯಮದ ಪುಸ್ತಕದಲ್ಲಿ ಉಂಟು.”

ಇರಲಿಲ್ಲ. ಐವತ್ತೇಳರಲ್ಲಿ ಅವರೇ ತಮ್ಮ ಕೈಯಿಂದ ಬರೆದ ಹದಿನೇಳು ನಿಯಮಗಳಲ್ಲಿ ಬೀಡಿಯಿತ್ತು, ಸಿನಿಮಾ ಇತ್ತು, ತಡವಾಗಿ ಬರುವುದಿತ್ತು, ಕೋವಿ ಇರಲಿಲ್ಲ. ಹದಿನೇಳನೆಯದರ ಕೆಳಗೆ, ಅವರ ಹಳೆಯ ರುಜುವಿಗೂ ಅದಕ್ಕೂ ನಡುವೆ, ಒಂದು ಸಾಲಿನಷ್ಟು ಜಾಗ ಮಾತ್ರ ಖಾಲಿ ಉಳಿದಿತ್ತು. ಗುರುವಾರ ಬೆಳಿಗ್ಗೆ, ಜವಾನ ರುಕ್ಮಯ್ಯ ಗಂಟೆ ಹೊಡೆಯಲು ಹೋಗಿದ್ದಾಗ, ಅವರು ಆ ಜಾಗದಲ್ಲಿ ಬರೆದರು: ‘೧೮. ವಿದ್ಯಾರ್ಥಿಗಳು ಶಾಲೆಯ ಒಳಗಾಗಲಿ ಹೊರಗಾಗಲಿ ಆಯುಧ ಹಿಡಿಯತಕ್ಕದ್ದಲ್ಲ.’ ಮಸಿ ಹೀರುವ ಒತ್ತುಕಾಗದವಿಟ್ಟು ಒತ್ತಿದರು. ಗಂಟೆಯ ಸದ್ದು ನಿಲ್ಲುವ ಮೊದಲೇ ಪುಸ್ತಕವನ್ನು ಕಪಾಟಿಗೆ ಸೇರಿಸಿದರು.

ಭಾನುವಾರ ಆಡಳಿತ ಸಮಿತಿ ಸೇರಿತು. ಸಂಚಾಲಕರು ಶ್ರೇಯಾಂಸಕುಮಾರರು, ಶಾಲೆಗೆ ಜಾಗ ಕೊಟ್ಟ ಭೂಮಾಲಿಕರು, ಸಜ್ಜನರು. ಪುಸ್ತಕ ತೆರೆದು ಹದಿನೆಂಟನೆಯ ನಿಯಮವನ್ನು ಗಟ್ಟಿಯಾಗಿ ಓದಿದರು, ಸದಸ್ಯರೆಲ್ಲ ತಲೆಯಾಡಿಸಿದರು. ತಂದೆಯ ಕೈ ಹಿಡಿದು ಬಾಗಿಲ ಬಳಿ ನಿಂತಿದ್ದ ಲೋಲಾಕ್ಷಿ ಒಮ್ಮೆ ನೋಡಬಹುದೇ ಎಂದು ಕೇಳಿ ಮೇಜಿನ ಬಳಿ ಬಂದಳು. ಬಗ್ಗಿ ಬಹಳ ಹೊತ್ತು ನೋಡಿದಳು.

“ಸರ್, ಬೇರೆ ಎಲ್ಲ ಅಕ್ಷರ ಮಾಸಿ ಹೋಗಿದೆ. ಈ ಒಂದು ಸಾಲು ಮಾತ್ರ ಯಾಕೆ ಇಷ್ಟು ನೀಲಿ ಉಂಟು?”

ಅದು ಆರೋಪವಾಗಿರಲಿಲ್ಲ, ಜ್ಯಾಮಿತಿಯ ತರಗತಿಯಲ್ಲಿ ಕೇಳುವಂಥ ಪ್ರಶ್ನೆಯಾಗಿತ್ತು. ಆದರೆ ಶ್ರೇಯಾಂಸಕುಮಾರರು ಸಿಟ್ಟಿನಿಂದ ಪುಸ್ತಕ ಮುಚ್ಚಿದರು. “ಏನು ಮಾತಾಡ್ತಿ ಮಾರಾಯ್ತಿ ನೀನು? ಅನಂತರಾಜ ಮಾಸ್ಟ್ರ ಮೇಲೆ ಸಂಶಯವಾ? ನಾನು ನೋಡುವುದೂ ಬೇಡ. ಅವರು ಆಗಲೇ ಬರೆದದ್ದು ಅಂದ್ರೆ ಆಗಲೇ ಬರೆದದ್ದು.”

ಸದಸ್ಯರು ಮತ್ತೊಮ್ಮೆ ತಲೆಯಾಡಿಸಿದರು. ಅಲ್ಲಿಗೆ ಎಲ್ಲವೂ ಮುಗಿಯಬಹುದಿತ್ತು. ಡೊಂಬಯ್ಯ ಆಗಲೇ ಹೊರಡಲೆಂದು ಮಗಳ ಹೆಗಲು ತಡವುತ್ತಿದ್ದ. ಆದರೆ ಮಾಸ್ತರರು ಕುರ್ಚಿಯಿಂದ ಎದ್ದು ನಿಂತರು. ತಾವು ಜೀವಮಾನದಲ್ಲಿ ಒಂದು ಕಾಗದವನ್ನೂ ಹೀಗೆ ನೋಡದೆ ಮಡಚಿಟ್ಟವರಲ್ಲ. ಈಗ ತಮ್ಮದೇ ಸುಳ್ಳನ್ನು ಯಾರೂ ಮುಟ್ಟಿಯೂ ನೋಡದೆ, ಗೌರವದಿಂದ, ನಿಜವೆಂದು ಒಳಗೆ ಸೇರಿಸಿಕೊಳ್ಳುತ್ತಿದ್ದರು.

“ಶ್ರೇಯಾಂಸಕುಮಾರರೇ, ನೀವು ನೋಡಬೇಕು,” ಎಂದರು. “ಅವಳು ಹೇಳಿದ್ದು ಸರಿ. ಆ ಸಾಲು ನಾನು ಮೊನ್ನೆ ಗುರುವಾರ ಬರೆದದ್ದು.”

ಸಂಚಾಲಕರು ಸಮಾಧಾನದ ದನಿ ತೆಗೆದರು. “ಇರ್ಲಿ ಬಿಡಿ ಮಾಸ್ಟ್ರೇ. ಒಳ್ಳೆಯದಕ್ಕೇ ಬರೆದದ್ದಲ್ಲವಾ?”

“ಒಳ್ಳೆಯದಕ್ಕಲ್ಲ. ನನ್ನ ಮಾತು ನಿಲ್ಲಬೇಕು ಅಂತ ಬರೆದದ್ದು. ಹಾಗೆಯೇ ನಡಾವಳಿಯಲ್ಲಿ ಬರೆದುಕೊಳ್ಳಿ.”

ಬರೆಯಲು ಯಾರೂ ಮುಂದಾಗದಿದ್ದಾಗ ತಾವೇ ಬರೆದರು. ಹದಿನೆಂಟನೆಯ ನಿಯಮದ ಮೇಲೆ ಗೀಟು ಹಾಕಿ ಅಂದಿನ ತಾರೀಕಿನ ರುಜು ಮಾಡಿದರು. ಹೆಡ್ಮಾಸ್ತರಿಕೆ ಬಿಡುವ ಪತ್ರವನ್ನೂ ಅದೇ ಮಸಿಯಲ್ಲಿ ಮುಗಿಸಿದರು. ಅದಕ್ಕೂ ಮೊದಲು ಕೊನೆಯ ಅಧಿಕಾರವಾಗಿ ಲೋಲಾಕ್ಷಿಯ ಪರೀಕ್ಷೆಯ ಅರ್ಜಿ ತುಂಬಿಸಿದರು. ನಡತೆಯ ಅಂಕಣದಲ್ಲಿ ‘ತೃಪ್ತಿಕರ’ ಎಂದು ಬರೆದರು. ಅದಕ್ಕಿಂತ ಮೇಲಿನ ಪದವನ್ನು ಅವರು ಯಾರಿಗೂ ಬರೆದವರಲ್ಲ, ಅವಳಿಗೂ ಬರೆಯಲಿಲ್ಲ. ಕ್ಷಮಿಸು ಎಂದೂ ಹೇಳಲಿಲ್ಲ. ಅವಳು ಅರ್ಜಿಗೆ ರುಜು ಮಾಡಿ, ಅದನ್ನು ಮೇಲಿನಿಂದ ಕೆಳಗಿನ ತನಕ ಒಮ್ಮೆ ಓದಿ, ಹಿಂದಕ್ಕೆ ಕೊಟ್ಟಳು. ಅವಳು ಓದಿದ್ದನ್ನು ಅವರು ಗಮನಿಸಿದರು. ಮೊದಲ ಸಲ ಅವರ ಮುಖದಲ್ಲಿ ಮೆಚ್ಚುಗೆಯಂಥದ್ದೇನೋ ಸುಳಿಯಿತೆಂದು ರುಕ್ಮಯ್ಯ ಹೇಳುತ್ತಿದ್ದ.

ನಿವೃತ್ತಿಯ ತನಕ ಮಾಸ್ತರರು ಅದೇ ಶಾಲೆಯಲ್ಲಿ ಸಹಾಯಕ ಮಾಸ್ತರರಾಗಿ ಜ್ಯಾಮಿತಿ ಕಲಿಸಿದರು. ಲೋಲಾಕ್ಷಿ ಎರಡನೆಯ ದರ್ಜೆಯಲ್ಲಿ ಪಾಸಾಗಿ, ಟೀಚರ್ ಟ್ರೈನಿಂಗಿಗೆ ಹೋದಳು. ಮಾಸ್ತರರು ಬದಲಾದರೆಂದು ಹೇಳುವಂತಿಲ್ಲ. ಎರಡು ವರ್ಷದ ಮೇಲೊಂದು ದಿನ ರುಕ್ಮಯ್ಯನನ್ನು ಬದಿಗೆ ಕರೆದು, “ನಿಜ ಹೇಳು ಮಾರಾಯ, ಅವಳೇ ಹೊಡೆಯುತ್ತಿದ್ದದ್ದಾ?” ಎಂದು ವಿಚಾರಿಸಿದ್ದರಂತೆ.

ಇಂಥವರೊಡನೆ ಬಾಳುವುದು ಕಷ್ಟ. ಅವರು ಯಾರ ಸಂತೋಷವನ್ನೂ ಪೂರ್ತಿ ಸಂತೋಷವಾಗಲು ಬಿಡುವುದಿಲ್ಲ. ಮುಗ್ಧರನ್ನು ನೋಯಿಸುತ್ತಾರೆ, ನೋಯಿಸಿದ್ದನ್ನು ಕರ್ತವ್ಯವೆಂದು ಕರೆಯುತ್ತಾರೆ. ಸಮಾಜ ನಂಬುವವರನ್ನು ಸಜ್ಜನರೆಂದು ಗೌರವಿಸುವುದು ಸಹಜವೇ. ಆದರೆ ನಂಬಿಕೆಯೆಂದು ನಾವು ಕರೆಯುವುದರಲ್ಲಿ ಎಷ್ಟೋ ಪಾಲು ಕಣ್ಣು ತೆರೆಯುವ ಶ್ರಮದಿಂದ ತಪ್ಪಿಸಿಕೊಳ್ಳುವ ಉಪಾಯ. ಅಂಥ ನಂಬಿಕೆಗೆ ಬಲಿಯಾಗುವವರು ಯಾವಾಗಲೂ ಬಾಗಿಲ ಬಳಿ ನಿಂತವರು. ಸಂಶಯಿಗಳಲ್ಲಿ ಹೆಚ್ಚಿನವರು ತಮ್ಮನ್ನು ಬಿಟ್ಟು ಉಳಿದವರನ್ನೆಲ್ಲ ಶೋಧಿಸಿ ಸಾಯುತ್ತಾರೆ. ಎಲ್ಲೋ ಒಬ್ಬ, ಎಲ್ಲರೂ ತನ್ನನ್ನು ನಂಬಿದ ಗಳಿಗೆಯಲ್ಲಿ, ಆ ನಂಬಿಕೆಯನ್ನು ಸಹಿಸಲಾರದೆ ಎದ್ದು ನಿಲ್ಲುತ್ತಾನೆ. ಅವನನ್ನು ಪ್ರೀತಿಸುವುದು ಆಗಲೂ ಸುಲಭವಲ್ಲ. ಆದರೆ ನಮ್ಮ ಮಗಳ ಹೆಸರಿರುವ ಕಾಗದವನ್ನು ಯಾರಾದರೂ ಓದಬೇಕಾಗಿ ಬಂದರೆ, ಅದು ಅವನ ಕೈಗೇ ಸಿಗಲಿ ಎಂದು ಬಯಸುತ್ತೇವೆ.