ಪುಡಿಂಗಿನ ಪೌಂಡು

ಕಳೆದ ಕ್ರಿಸ್‌ಮಸ್ಸಿನಲ್ಲಿ ಪುಡಿಂಗ್ ತಿನ್ನುವಾಗ ಚಿನ್ನದ ಪೌಂಡು ನಾಣ್ಯ ನನ್ನ ಹಲ್ಲಿಗೆ ಸಿಕ್ಕಿತ್ತು. ಆದ್ದರಿಂದ ಈ ವರ್ಷ ಅದು ನನ್ನದು. ನಮ್ಮೂರು ಪಾರ್ಲ್‌ನ ಬೇರೆ ಮನೆಗಳಲ್ಲಿ ಪುಡಿಂಗಿನೊಳಗೆ ಚಿಕ್ಕ ಬೆಳ್ಳಿ ನಾಣ್ಯ ಹಾಕುತ್ತಾರೆ. ಅರೆಂಡ್ಸೆ ಮನೆತನದವರಾದ ನಾವು ಚಿನ್ನದ್ದೇ ಹಾಕುತ್ತೇವೆ. ಯಾರ ತುಂಡಿನಲ್ಲಿ ಬರುತ್ತದೋ ಅವರು ವರ್ಷವಿಡೀ ಅದನ್ನು ಇಟ್ಟುಕೊಳ್ಳಬೇಕು, ಮುಂದಿನ ಹಬ್ಬಕ್ಕೆ ಪುಡಿಂಗನ್ನೂ ಅವರೇ ಬೇಯಿಸಬೇಕು. ಅದರ ಬಗ್ಗೆ ಏನೇ ತೀರ್ಮಾನವಿದ್ದರೂ ಆ ವರ್ಷ ಅವರದೇ ಮಾತು.

ನೂರು ವರ್ಷಕ್ಕೂ ಹಿಂದೆ, ಬಿಳಿಯರು ಬಿಳಿಯರೇ ಹೊಡೆದಾಡಿದ ಯುದ್ಧದ ಕಾಲದಲ್ಲಿ ಸೈನಿಕರ ಬಟ್ಟೆ ಒಗೆದ ನಮ್ಮ ಮುತ್ತಜ್ಜಿಗೆ ಸಿಕ್ಕ ಕೂಲಿ ಅದು. ನಾಣ್ಯದ ಮೇಲೆ ಗಡ್ಡದ ಮುದುಕನೊಬ್ಬನ ಮುಖವಿದೆ, ಆಗಿನ ಬಿಳಿಯರ ಅಧ್ಯಕ್ಷನದು. “ಇವನ ರಾಜ್ಯದಲ್ಲಿ ನಮ್ಮಂಥವರಿಗೆ ಹಿತ್ತಲ ಬಾಗಿಲೇ ಗತಿ. ವರ್ಷಕ್ಕೊಂದ್ಸಲ ನಮ್ಮನೆ ಪಾತ್ರೆಲಿ ಕುದೀಲಿ ಬಿಡು,” ಎಂದು ಅಮ್ಮ ನಗುತ್ತಿದ್ದಳು.

ಡಿಸೆಂಬರ್ ಮೊದಲ ಭಾನುವಾರ ಚರ್ಚಿನಿಂದ ಬರುವಾಗ ಅಣ್ಣ ಹಿಲ್ಟನ್ ಮಾತು ತೆಗೆದ.

“ಲೀನಾ, ಈ ಸಲ ಅದನ್ನ ಪುಡಿಂಗಿಗೆ ಹಾಕ್ಬೇಡ. ಜೊಹಾನ್ಸ್‌ಬರ್ಗಲ್ಲಿ ಹಳೇ ನಾಣ್ಯ ಪರೀಕ್ಷೆ ಮಾಡೋರಿದಾರೆ. ಎಪ್ಪತ್ತಕ್ಕೆ ಇಷ್ಟು ಅಂತ ಅಂಕ ಕೊಡ್ತಾರೆ, ಅಂಕ ಹೆಚ್ಚಿದಷ್ಟೂ ಬೆಲೆ ಹೆಚ್ಚು.”

“ಯಾಕಣ್ಣಾ, ಮುದುಕ ಶಾಲೆಗೆ ಹೋಗ್ತಾನಾ?”

“ನಿಂಗೆ ಎಲ್ಲಾ ತಮಾಷೆ. ನಮ್ಮ ಹತ್ರ ಏನಿದೆ ಅಂತ ನಮಗೇ ಗೊತ್ತಿಲ್ಲ.”

ನನಗೂ ಆಸೆಯಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ನಾಣ್ಯವನ್ನು ಕರವಸ್ತ್ರದಲ್ಲಿ ಕಟ್ಟಿ ಒಳಂಗಿಗಳ ನಡುವೆ ಇಟ್ಟಿದ್ದೆ. ಆ ವಾರ ಅದನ್ನು ಪದೇ ಪದೇ ತೆಗೆದು ನೋಡಿದೆ. ಐವತ್ತು ದಾಟಿದ, ಗಂಡ ಬಿಟ್ಟುಹೋದ, ಹಣ್ಣಿನ ಡಬ್ಬಿ ಕಾರ್ಖಾನೆಯಲ್ಲಿ ದಿನವಿಡೀ ನಿಲ್ಲುವ ಹೆಂಗಸಿಗೆ ತನ್ನ ಕೈಯಲ್ಲಿರುವುದು ಸಾಮಾನ್ಯದ್ದಲ್ಲ ಎಂದು ಯಾರೋ ಮುದ್ರೆಯೊತ್ತಿ ಹೇಳುವುದು ಸಣ್ಣ ವಿಷಯವೇನಲ್ಲ. ಶನಿವಾರ ಅಣ್ಣನ ಜೊತೆ ಕೇಪ್ ಟೌನಿನ ಹಳೇ ನಾಣ್ಯದ ಅಂಗಡಿಗೆ ಹೋದೆ.

ಅಂಗಡಿಯವನು ಬಿಳಿ ಕೈಗವಸು ತೊಟ್ಟು, ನಾಣ್ಯವನ್ನು ಅಂಚಿನಲ್ಲಷ್ಟೇ ಹಿಡಿದು, ಕಣ್ಣಿಗೆ ಭೂತಗನ್ನಡಿ ಹಚ್ಚಿದ. ಮಾತೆಲ್ಲ ಅಣ್ಣನ ಜೊತೆ.

“ಇದನ್ನ ಯಾರೋ ತೊಳೆದಿದಾರೆ.”

“ಇಲ್ಲ ಸಾರ್, ಪೆಟ್ಟಿಗೇಲೇ ಇತ್ತು,” ಎಂದ ಅಣ್ಣ.

“ನಾವೇ ತೊಳೀತೀವಿ,” ಎಂದೆ. “ಪ್ರತಿ ಹಬ್ಬಕ್ಕೂ, ಅಡುಗೆ ಸೋಡಾ ಹಾಕಿ ಉಜ್ಜಿ. ಬಾಯಿಗೆ ಹೋಗೋ ವಸ್ತು ನೋಡಿ.”

ಅವನು ನೋವಾದವನಂತೆ ಮುಖ ಕಿವಿಚಿದ. ತೊಳೆದದ್ದು ಇಂಥ ನಾಣ್ಯಕ್ಕೆ ದೊಡ್ಡ ಪೆಟ್ಟಂತೆ. ಅಂಚಿನಲ್ಲಿ ಹಲ್ಲಿನ ಗುರುತೂ ಇತ್ತು. ಆದರೂ ಒಳ್ಳೆಯ ವರ್ಷದ್ದು, ಕಳಿಸಿ ನೋಡಬಹುದು ಎಂದ. ಅಂಕ ಕೊಟ್ಟ ಮೇಲೆ ಗಟ್ಟಿ ಪಾರದರ್ಶಕ ಪ್ಲಾಸ್ಟಿಕ್ಕಿನೊಳಗೆ ಬಿಗಿಯಾಗಿ ಮುಚ್ಚಿಬಿಡುತ್ತಾರೆ. “ಆಮೇಲೆ ಯಾರ ಕೈಯೂ ತಾಗಲ್ಲ. ನಿಮ್ಮದೂ ಅಷ್ಟೇ.”

ನಂತರ ಕೇಳಿದ, “ಅಂದಹಾಗೆ, ಇದು ನಿಮ್ಮವರ ಹತ್ರ ಹೇಗೆ ಬಂತು?”

ಮುತ್ತಜ್ಜಿ ಬಟ್ಟೆ ಒಗೆಯುತ್ತಿದ್ದಳು ಎಂದೆ.

“ಓ. ಯಾರೋ ಸಾಹೇಬರು ಜೇಬಲ್ಲಿ ಮರೆತಿರ್ಬೇಕು ಹಾಗಾದ್ರೆ.”

ಅವನು ನಕ್ಕ. ಅಣ್ಣನೂ ನಕ್ಕ. ಅಣ್ಣನ ನಗು ಅರ್ಧಕ್ಕೇ ನಿಂತಿತು ನಿಜ. ಆದರೂ ನಕ್ಕಿದ್ದ.

ನಾನು ಮೇಜಿನ ಮೇಲಿನ ಮಖಮಲ್ಲಿನಿಂದ ನಾಣ್ಯವನ್ನು ಬರಿಗೈಯಲ್ಲಿ ಎತ್ತಿಕೊಂಡೆ. ಮುದುಕನ ಮುಖದ ಮೇಲೇ ಹೆಬ್ಬೆರಳೂರಿ ಎತ್ತಿಕೊಂಡೆ. ಅಂಗಡಿಯವನು, “ಅಂಚು ಹಿಡೀರಿ, ಅಂಚು,” ಎನ್ನುತ್ತಿದ್ದ.

“ಜೇಬಲ್ಲಿ ಮರೆತದ್ದಲ್ಲ. ಒಗೆದು ಗಳಿಸಿದ್ದು,” ಎಂದು ಹೊರಗೆ ಬಂದೆ.

ಕಾರಿನಲ್ಲಿ, ಬಂದರಿನ ಕ್ರೇನುಗಳು ಹಿಂದೆ ಸರಿಯುತ್ತಿದ್ದಾಗ ಅಣ್ಣ ಮತ್ತೆ ಮಾತು ತೆಗೆದ.

“ಅವನು ದಡ್ಡ. ಅದಕ್ಕೇ ಹೇಳೋದು, ಅಂಕ ಬಂದ್ರೆ ಇಂಥೋರ ಬಾಯಿ ಮುಚ್ಚುತ್ತೆ. ಯಾರೂ ಎದುರು ಮಾತಾಡಕ್ಕಾಗಲ್ಲ.”

“ಅಮ್ಮನಿಗೂ ಒಂದು ಬಂದಿತ್ತಲ್ಲ, ಅಂಕ. ಆಗ ಯಾರು ಎದುರು ಮಾತಾಡಿದ್ರು?”

ಅವನಿಗೆ ಅರ್ಥವಾಯಿತು. ಅಮ್ಮ ಹುಡುಗಿಯಾಗಿದ್ದಾಗ, ಯಾರು ಯಾವ ಬಣ್ಣದವರೆಂದು ಬರೆದುಕೊಳ್ಳುವ ಕಚೇರಿಯಲ್ಲಿ, ಅವಳ ಕೂದಲಿಗೂ ತಂಗಿ ಹೆಟ್ಟಿಯ ಕೂದಲಿಗೂ ಪೆನ್ಸಿಲ್ ಸಿಕ್ಕಿಸಿ ತಲೆ ಅಲ್ಲಾಡಿಸಲು ಹೇಳಿದ್ದರು. ಹೆಟ್ಟಿಯ ಪೆನ್ಸಿಲ್ ಕೆಳಗೆ ಬಿತ್ತು, ಅವಳು ಬಿಳಿಯಳಾದಳು. ಅಮ್ಮನದು ಬೀಳಲಿಲ್ಲ. ಹೆಟ್ಟಿ ಚಿಕ್ಕಮ್ಮ ರೈಲು ಹಳಿಯ ಆಚೆ, ಬಿಳಿಯರ ಕೇರಿಗೆ ಹೋಗಿ ನೆಲೆಸಿದಳು, ಮತ್ತೆಂದೂ ನಮ್ಮ ಹಬ್ಬದ ಮೇಜಿಗೆ ಬರಲಿಲ್ಲ.

“ಅದು ಬೇರೆ, ಇದು ಬೇರೆ. ಇದು ನಾಣ್ಯ ಕಣೇ,” ಎಂದ ಅಣ್ಣ.

“ಗೊತ್ತು. ಆದ್ರೂ ಕೊಡಲ್ಲ.”

“ಹಟ.”

“ಹೌದು, ಹಟವೇ.”

ಹೇಳಿದ ಮೇಲೆ ಒಳಗೆ ಹಗುರಾಯಿತು. ಇಷ್ಟು ವರ್ಷ ಹಟಮಾರಿ ಎಂಬ ಮಾತಿಗೆ ನಾನು ಸಮಜಾಯಿಷಿ ಕೊಡುತ್ತ ಬಂದಿದ್ದೆ, ಗಂಡನಿಗೆ, ಮೇಸ್ತ್ರಿಗೆ, ಪಾದ್ರಿಯ ಹೆಂಡತಿಗೆ. ಈ ಸಲ ಕೊಡಲಿಲ್ಲ.

ಹಬ್ಬದ ಹಿಂದಿನ ಬೆಳಿಗ್ಗೆ ಸೆಖೆಗೆ ಅಡುಗೆಮನೆಯ ಗೋಡೆಗಳೂ ಬೆವರುತ್ತಿದ್ದವು. ಒಣದ್ರಾಕ್ಷಿ ಕಲಸಿದ ಹಿಟ್ಟು ಸಿದ್ಧವಾಗಿತ್ತು. ನಾನು ನಾಣ್ಯವನ್ನು ಉಜ್ಜುತ್ತಿರುವಾಗ ಅಣ್ಣ ಬಾಗಿಲಲ್ಲಿ ಬಂದು ನಿಂತ.

“ಗೀರು ಬೀಳುತ್ತೆ ಲೀನಾ.”

“ಬೀಳ್ಲಿ.”

“ಒಂದು ವರ್ಷ ಬೆಳ್ಳಿದು ಹಾಕಿದ್ರೆ ಯಾರ ಗಂಟು ಹೋಗ್ತಿತ್ತು?”

“ನಂದು ಹೋಗ್ತಿತ್ತು.”

ಪೌಂಡನ್ನು ಹಿಟ್ಟಿನ ನಡುವೆ ಹಾಕಿ, ಎಲ್ಲಿ ಬಿತ್ತೆಂದು ನನಗೇ ತಿಳಿಯದ ಹಾಗೆ ಕಲಸಿದೆ. ಕುದಿನೀರಿಗೆ ಇಳಿಸಲು ಅದನ್ನು ಬಟ್ಟೆಯ ಮೇಲೆ ಸುರಿದು ನಾಲ್ಕೂ ಮೂಲೆ ಕೂಡಿಸಿ ದಾರ ಸುತ್ತಿದೆ. ಬಿಗಿಗಂಟು ಹಾಕಲು ಇನ್ನೊಬ್ಬರ ಬೆರಳು ಬೇಕು.

“ಬಂದಿದೀಯಲ್ಲ, ಇಲ್ಲಿ ಬೆರಳಿಡು.”

ಅವನು ಗೊಣಗುತ್ತಲೇ ಬಂದು ಇಟ್ಟ. “ನಾಳೆ ನನ್ನ ತುಂಡಿಗೆ ಬರ್ಲಿ. ಮಾರನೇ ದಿನವೇ ಜೊಹಾನ್ಸ್‌ಬರ್ಗಿಗೆ ಕಳಿಸ್ತೀನಿ, ನೋಡ್ತಿರು.”

“ಕಳಿಸ್ಕೋ. ಆಗ ನಿನ್ನ ವರ್ಷ, ನಾನು ತಡೆಯಲ್ಲ. ಈ ವರ್ಷ ಮಾತ್ರ ನಂದು,” ಎಂದು ದಾರ ಎಳೆದೆ. ಅವನು ಬೆರಳು ತೆಗೆಯುವ ಮೊದಲೇ ಗಂಟು ಬಿಗಿಯಿತು.